ಕೈ ಪಳಗಿದೆ ಅಂತ ಹೇಳುವವರು ಯಾರು? ಕಲಿಯುವ ಸರ್ಜನ್‌ಗಳಿಗೆ ಅಂಕ ಹಾಕುವ ಬಗ್ಗೆ

ಮೂರನೇ ವರ್ಷ:
ಎಲ್ಲರಿಗೂ ನಮಸ್ಕಾರ. ಜನರಲ್ ಸರ್ಜರಿ ಕಲಿಯುತ್ತಿದ್ದೇನೆ, ಮೂರನೇ ವರ್ಷ. ಕಳೆದ ವಾರ ಆರು ತಿಂಗಳ ಮೌಲ್ಯಮಾಪನದ ಫಾರಂ ಕೈಗೆ ಬಂತು. ಒಂಬತ್ತು ಸಾಲು. ಒಂಬತ್ತರಲ್ಲೂ 5ಕ್ಕೆ 4. ಕೆಳಗೆ ಷರಾ ಬರೆಯುವ ಜಾಗದಲ್ಲಿ "ಶ್ರಮಜೀವಿ, ಒಳ್ಳೆಯ ನಡತೆ" ಅಂತಿದೆ. ಸಹಿ ಹಾಕಿದ ಸರ್ ನನ್ನ ಜೊತೆ ಕೊನೆಯ ಸಲ ಆಪರೇಷನ್ ಥಿಯೇಟರಿನಲ್ಲಿ (ಓಟಿಯಲ್ಲಿ) ನಿಂತದ್ದು ಎರಡು ತಿಂಗಳ ಹಿಂದೆ.

ಅದೇ ವಾರದ ಇನ್ನೊಂದು ಸಂಗತಿ ಕೇಳಿ. ಅಪೆಂಡಿಕ್ಸ್ ಆಪರೇಷನ್, ಹೊಟ್ಟೆ ತೆರೆದು ಮಾಡಿದ್ದು. ಒಳಗಿನ ಕೆಲಸ ಮುಗಿದಿತ್ತು. ಪದರ ಮುಚ್ಚುವಾಗ ನನ್ನ ಸೂಜಿ ಅದನ್ನು ಹಿಡಿಯುವ ಇಕ್ಕಳದಲ್ಲೇ, ಅಂದರೆ ನೀಡಲ್ ಹೋಲ್ಡರ್‌ನಲ್ಲೇ, ಮೂರು ಸಲ ತಿರುಗಿಬಿಟ್ಟಿತು. ನಾಲ್ಕನೇ ಸಲಕ್ಕೆ ಇನ್ನೊಬ್ಬ ಸೀನಿಯರ್ ಸರ್ ಒಂದು ಮಾತೂ ಆಡದೆ ನೀಡಲ್ ಹೋಲ್ಡರನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮುಗಿಸಿದರು. ಗೌನ್ ಬಿಚ್ಚುವಾಗಲೂ ಏನೂ ಹೇಳಲಿಲ್ಲ. ಆ ದಿನದ ಬಗ್ಗೆ ಯಾವ ಫಾರಂನಲ್ಲೂ ಒಂದಕ್ಷರ ಇಲ್ಲ. ಲಾಗ್‌ಬುಕ್‌ನಲ್ಲಿ ಒಂದು ಕೇಸ್ ಜಾಸ್ತಿ ಆಯಿತು, ಅಷ್ಟೇ.

ಆ 4 ನಿಜವೋ, ಕೈಯಿಂದ ಹೋದ ನೀಡಲ್ ಹೋಲ್ಡರ್ ನಿಜವೋ? ನಿಮ್ಮ ಕಡೆ ಇದನ್ನೆಲ್ಲ ಹೇಗೆ ಅಳೆಯುತ್ತಾರೆ? ಅಳೆಯೋಕೆ ಆಗುತ್ತಾ ಅಸಲಿಗೆ?

ಹಳೇ ಕತ್ತರಿ:
ನೋಡಮ್ಮಾ, ಮೊದಲು ಸೂಜಿಯ ವಿಷಯ. ಮೊನೆಯಿಂದ ಸುಮಾರು ಮೂರನೇ ಎರಡು ಭಾಗ ಬಿಟ್ಟು ಹಿಡಿ. ದಾರ ಸೇರುವ ತುದಿಯಲ್ಲಿ ಹಿಡಿದರೆ ಅದು ತಿರುಗುತ್ತದೆ, ಇಲ್ಲ ಬಾಗುತ್ತದೆ. ಒಳಗೆ ಹೋಗುವಾಗ ಮೊನೆ ನೆಟ್ಟಗೆ 90 ಡಿಗ್ರಿ. ಆಮೇಲೆ ತಳ್ಳಬೇಡ, ಮಣಿಕಟ್ಟು ತಿರುಗಿಸು. ಸೂಜಿಯ ಬಾಗೇ ದಾರಿ ತೋರಿಸುತ್ತದೆ.

ಇನ್ನು ಅಳತೆ. ನಮ್ಮ ಕಾಲಕ್ಕೆ ಫಾರಂ ಗೀರಂ ಇರಲಿಲ್ಲ. ಬಾಸ್ ನೋಡುತ್ತಿದ್ದರು, ಅಷ್ಟೇ. ಮೂವತ್ತು ವರ್ಷದಿಂದ ಓಟಿಯಲ್ಲಿ ನಿಂತಿದ್ದೇನೆ. ಹುಡುಗರು ಫೋರ್ಸೆಪ್ಸ್ (ಚಿಮಟ) ಹಿಡಿಯೋದನ್ನು ನೋಡಿದರೆ ಸಾಕು, ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ಅಳತೆಗೋಲು:
ನಾನು ಡಾಕ್ಟರ್ ಅಲ್ಲ. ವೈದ್ಯಕೀಯ ಶಿಕ್ಷಣದಲ್ಲಿ ಪರೀಕ್ಷೆಗಳನ್ನೇ ಪರೀಕ್ಷೆ ಮಾಡುವ ಕೆಲಸ ನಂದು. ಹಾಗಾಗಿ ಕತ್ತರಿ ಸರ್ ಮಾತಿಗೆ ಸ್ವಲ್ಪ ಎದುರು ಹೇಳುತ್ತೇನೆ, ಬೇಜಾರು ಬೇಡ.

ಬಾಸ್ ಕಣ್ಣಳತೆಯ ಪದ್ಧತಿ ನೂರು ವರ್ಷಕ್ಕೂ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ರೆಸಿಡೆಂಟ್ ತರಬೇತಿಗೆ ಒಂದು ರೂಪ ಕೊಟ್ಟರು. ಆಸ್ಪತ್ರೆಯಲ್ಲೇ ಇರು, ವರ್ಷಗಟ್ಟಲೆ ದುಡಿ, ಹಂತ ಹಂತವಾಗಿ ಹೊಣೆ ಹೊರು. ಯಾವಾಗ ತಯಾರಾದೆ ಅಂತ ಗುರು ಹೇಳುತ್ತಾರೆ. ಆಮೇಲೆ "ಒಂದು ನೋಡು, ಒಂದು ಮಾಡು, ಒಂದು ಕಲಿಸು" ಅನ್ನೋ ಮಾತು ಹುಟ್ಟಿ ಊರೆಲ್ಲ ಹರಡಿತು.

ತೊಂದರೆ ಎಲ್ಲಿ ಅಂದರೆ, ಒಂದೇ ಕೈಯನ್ನು ಇಬ್ಬರು ಗುರುಗಳಿಗೆ ತೋರಿಸಿದರೆ ಎರಡು ಅಂಕ ಬರುತ್ತದೆ. ಒಬ್ಬರ ಕೈ ಬಿಗಿ, ಇನ್ನೊಬ್ಬರ ಕೈ ಸಡಿಲ. ಇನ್ನೊಂದು, ಒಂದು ಗುಣ ಇಷ್ಟವಾದರೆ ಉಳಿದದ್ದೆಲ್ಲ ಚೆನ್ನಾಗೇ ಕಾಣುತ್ತದೆ. ಮೂರನೇ ವರ್ಷ ಅವರ ಫಾರಂ ನೋಡಿ. ಒಂಬತ್ತು ಸಾಲಿಗೂ 4. ಒಂಬತ್ತು ಬೇರೆ ಬೇರೆ ವಿಷಯ ನೋಡಿದವರು ಹಾಗೆ ಹಾಕಲ್ಲ. ಒಂದೇ ವಿಷಯ ನೋಡಿ ಒಂಬತ್ತು ಸಲ ಬರೆದಿದ್ದಾರೆ. ಆ ಒಂದು ವಿಷಯ ಷರಾದಲ್ಲೇ ಇದೆ: ಒಳ್ಳೆಯ ನಡತೆ.

1990ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ರಿಚರ್ಡ್ ರೆಜ್ನಿಕ್ ಮತ್ತು ಜೊತೆಯವರು ಇದಕ್ಕೆ ಒಂದು ದಾರಿ ಹುಡುಕಿದರು. ಓಸ್ಯಾಟ್ಸ್ ಅಂತ ಹೆಸರು, 1997ರಲ್ಲಿ ಪ್ರಕಟವಾಯಿತು. ಎಲ್ಲ ಟ್ರೈನಿಗಳಿಗೂ ಒಂದೇ ಕೆಲಸ, ಒಂದೇ ಸಮಯ. ನೋಡುವವರಿಗೆ ಏಳು ಅಂಶಗಳ ಒಂದು ಪಟ್ಟಿ. ಅಂಗಾಂಶವನ್ನು ಎಷ್ಟು ಮೃದುವಾಗಿ ಮುಟ್ಟುತ್ತಾರೆ, ಬೇಡದ ಚಲನೆ ಎಷ್ಟು, ಸಲಕರಣೆ ಹೇಗೆ ಹಿಡಿಯುತ್ತಾರೆ, ಯಾವುದರ ಹೆಸರೇನು ಅಂತ ಗೊತ್ತಾ, ಸಹಾಯಕರನ್ನು ಹೇಗೆ ಬಳಸುತ್ತಾರೆ, ಮುಂದಿನ ಹೆಜ್ಜೆ ತಲೆಯಲ್ಲಿದೆಯಾ, ಆ ಆಪರೇಷನ್ ಗೊತ್ತಾ. ಪ್ರತಿಯೊಂದಕ್ಕೂ 1ರಿಂದ 5. ಅಂಕದ ಪಕ್ಕದಲ್ಲೇ ವಿವರಣೆ ಇರುತ್ತದೆ, 1 ಅಂದರೆ ಹೀಗೆ, 3 ಅಂದರೆ ಹೀಗೆ, 5 ಅಂದರೆ ಹೀಗೆ ಅಂತ.

ಇದರ ಜೊತೆ "ಮಾಡಿದರು / ಮಾಡಲಿಲ್ಲ" ಅಂತ ಟಿಕ್ ಹಾಕುವ ಉದ್ದ ಪಟ್ಟಿಯೂ ಇತ್ತು. ಅದೇ ಗೆಲ್ಲುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಗೆದ್ದದ್ದು ಅನುಭವಿಗಳ ಒಟ್ಟಾರೆ ಅಂದಾಜಿನ 1ರಿಂದ 5ರ ಪಟ್ಟಿ. ಅಂದರೆ ಕತ್ತರಿ ಸರ್ ಕಣ್ಣಿಗೆ ಬೆಲೆ ಇದೆ. ಆದರೆ ಆ ಕಣ್ಣು ಏನನ್ನು ನೋಡಬೇಕು ಅಂತ ಮೊದಲೇ ಬರೆದುಕೊಂಡಿರಬೇಕು.

ಹಳೇ ಕತ್ತರಿ:
ಹೊಗಳಿದಿರೋ ತೆಗಳಿದಿರೋ ಗೊತ್ತಾಗಲಿಲ್ಲ. ಇರಲಿ. ಆ ಏಳನ್ನೂ ನಾನು ಮನಸ್ಸಿನಲ್ಲೇ ನೋಡುತ್ತೇನೆ.

ಟ್ರಾಲಿ ಪಕ್ಕ:
ನಾನು ಸ್ಕ್ರಬ್ ನರ್ಸ್, ಆಪರೇಷನ್ ನಡೆಯುವಾಗ ಸರ್ಜನ್ ಕೈಗೆ ಸಲಕರಣೆ ಕೊಡುವವಳು. ಹದಿನಾಲ್ಕು ವರ್ಷ ಆಯಿತು. ಇಷ್ಟು ವರ್ಷದಲ್ಲಿ "ಈ ಹುಡುಗ ಹೇಗೆ ಮಾಡುತ್ತಾನೆ ಸಿಸ್ಟರ್" ಅಂತ ನನ್ನನ್ನು ಕೇಳಿದವರು ಇಬ್ಬರೇ. ಫಾರಂ ಅಂತೂ ಯಾರೂ ಕೊಟ್ಟಿಲ್ಲ.

ನನಗೆ ಕಾಣುವುದನ್ನು ಹೇಳುತ್ತೇನೆ. ಕೈ ತಿರುಗಿದವರು ಕಣ್ಣು ಗಾಯದ ಮೇಲಿಟ್ಟು ಕೈ ಮಾತ್ರ ನನ್ನ ಕಡೆ ಚಾಚುತ್ತಾರೆ. ಇದು ಬೇಕು ಅಂತ ಅರ್ಧ ನಿಮಿಷ ಮುಂಚೆನೇ ಹೇಳುತ್ತಾರೆ. ಹೊಸಬರು ಬೇಕಾದಾಗ ತಲೆ ಎತ್ತಿ ಟ್ರಾಲಿ ನೋಡುತ್ತಾರೆ, ಅಷ್ಟರಲ್ಲಿ ಹಿಡಿದಿದ್ದ ಜಾಗ ಜಾರಿಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಹಾಗೇ ಶುರು ಮಾಡೋದು. ನನಗೆ ಭಯ ಆಗೋದು ಇನ್ನೊಂದು ಥರದವರನ್ನು ಕಂಡರೆ. ಕತ್ತರಿ ಕೇಳುತ್ತಾರೆ, ಕೊಡುತ್ತೇನೆ. ವಾಪಸ್ ಕೊಟ್ಟು ಇನ್ನೊಂದು ಕತ್ತರಿ ಕೇಳುತ್ತಾರೆ. ಅದನ್ನೂ ವಾಪಸ್ ಕೊಟ್ಟು ಮೊದಲಿನದ್ದೇ ಕೇಳುತ್ತಾರೆ. ಆಮೇಲೆ "ಇದು ಮೊಂಡಾಗಿದೆ ಸಿಸ್ಟರ್" ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ರಕ್ತ ಬಂದಾಗ ಮಾತ್ರ ನಾನು ಕೈ ನೋಡಲ್ಲ, ಗಂಟಲು ಕೇಳುತ್ತೇನೆ. ಧ್ವನಿ ಏರಿದರೆ ಲೆಕ್ಕ ತಪ್ಪಿದೆ ಅಂತ ಅರ್ಥ. ಒಬ್ಬ ಹುಡುಗಿ ಇದ್ದಳು. ರಕ್ತ ಚಿಮ್ಮಿದಾಗ ಬೆರಳಿಟ್ಟು ಒತ್ತಿ ಹಿಡಿದು, "ಎರಡು ನಿಮಿಷ ಹೀಗೇ ಇರ್ತೀನಿ, ಅಷ್ಟರಲ್ಲಿ ಸಕ್ಷನ್ ಸರಿ ಮಾಡಿ, ಸಿಸ್ಟರ್ ಕ್ಲಾಂಪ್ ರೆಡಿ ಇಟ್ಕೊಳ್ಳಿ" ಅಂದಳು. ಅವಳಿಗೆ ನಾನು ಎಷ್ಟು ಬೇಕಾದರೂ ಅಂಕ ಕೊಡುತ್ತೇನೆ.

ಮೂರನೇ ವರ್ಷ:
ಸಿಸ್ಟರ್, ನಾನು "ಮೊಂಡಾಗಿದೆ" ಅಂದಿದ್ದೇನೆ. ಒಂದೇ ಸಲ. ಆಣೆ ಮಾಡಿ ಹೇಳುತ್ತೇನೆ, ಅದು ನಿಜವಾಗಲೂ ಮೊಂಡಾಗಿತ್ತು.

ಟ್ರಾಲಿ ಪಕ್ಕ:
ಎಲ್ಲರೂ ಹೀಗೇ ಹೇಳೋದು 😄

ಹೊರಗೆ ಕೂತವನು:
ನಾನು ಈ ಕ್ಷೇತ್ರದವನಲ್ಲ. ಅಮ್ಮನ ಪಿತ್ತಕೋಶದ ಆಪರೇಷನ್ ಆದ ದಿನ ಬಾಗಿಲ ಹೊರಗೆ ಮೂರು ಗಂಟೆ ಕೂತಿದ್ದೆ. "ನಮ್ಮ ತಂಡ ಮಾಡುತ್ತದೆ" ಅಂದಿದ್ದರು. ತಂಡದಲ್ಲಿ ಕಲಿಯುವವರೂ ಇದ್ದರು ಅಂತ ಆಮೇಲೆ ಗೊತ್ತಾಯಿತು. ಅಮ್ಮ ಚೆನ್ನಾಗಿದ್ದಾರೆ, ದೂರು ಏನಿಲ್ಲ. ಆದರೆ ಇದನ್ನೆಲ್ಲ ಓದಿ ಹೊಟ್ಟೆಯಲ್ಲಿ ಒಂಥರಾ ಆಗುತ್ತಿದೆ. ಚಾಕು ಯಾರ ಕೈಯಲ್ಲಿ ಅಂತ ಕೇಳುವ ಹಕ್ಕು ನಮಗಿದೆಯಾ? ಕೈ ಚೆನ್ನಾಗಿದ್ದರೆ ರೋಗಿಗೆ ಒಳ್ಳೆಯದಾಗುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿ ತೋರಿಸಿದ್ದಾರಾ? ಅಥವಾ ಕೈಗುಣ ಅನ್ನೋದೆಲ್ಲ ಬಾಯಿಮಾತಾ?

ಅಳತೆಗೋಲು:
ತೋರಿಸಿದ್ದಾರೆ. 2013ರ ಅಧ್ಯಯನ, ಅಮೆರಿಕದ ಮಿಷಿಗನ್ ರಾಜ್ಯದ್ದು. ಬೊಜ್ಜು ಕರಗಿಸಲು ಜಠರದ ಬೈಪಾಸ್ ಮಾಡುವ 20 ಸರ್ಜನ್‌ಗಳು ತಲಾ ಒಂದು ಆಪರೇಷನ್ ವಿಡಿಯೊ ಕೊಟ್ಟರು. ಯಾರ ಕೈ ಅಂತ ಗೊತ್ತಾಗದ ಹಾಗೆ ಪ್ರತಿ ವಿಡಿಯೊವನ್ನು ಕನಿಷ್ಠ 10 ಸಹ ಸರ್ಜನ್‌ಗಳು ನೋಡಿ 5ಕ್ಕೆ ಅಂಕ ಹಾಕಿದರು. ಸರಾಸರಿ 2.6ರಿಂದ 4.8ರವರೆಗೆ ಹರಡಿತು. ಅಂಕದಲ್ಲಿ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ಶೇ 14.5 ಮಂದಿಗೆ ಆಪರೇಷನ್ ನಂತರ ತೊಡಕು ಆಗಿತ್ತು. ಮೇಲಿನ ಕಾಲು ಭಾಗದವರಲ್ಲಿ ಶೇ 5.2. ಸಾವಿನ ಪ್ರಮಾಣದಲ್ಲೂ ಅಂತರ ಇತ್ತು, ಶೇ 0.26 ಮತ್ತು ಶೇ 0.05.

ಒಂದು ಮಾತು ಗಮನಿಸಿ. ಆ 20 ಜನ ಟ್ರೈನಿಗಳಲ್ಲ. ಎಲ್ಲರೂ ಕಲಿತು ಮುಗಿಸಿ ಸ್ವತಂತ್ರವಾಗಿ ಮಾಡುತ್ತಿದ್ದವರು. ಪಾಸಾದ ಮೇಲೆ ಯಾರೂ ಅವರ ಕೈ ನೋಡಿರಲಿಲ್ಲ, ಅಷ್ಟೇ.

ಹಳೇ ಕತ್ತರಿ:
ಹೊರಗೆ ಕೂತವರೇ, ಖಂಡಿತ ಕೇಳಿ. ಯಾರು ಮಾಡುತ್ತಾರೆ, ಕಲಿಯುವವರು ಮಾಡಿದರೆ ಪಕ್ಕದಲ್ಲಿ ಯಾರು ನಿಂತಿರುತ್ತಾರೆ, ಎಷ್ಟು ಹೊತ್ತು ನಿಂತಿರುತ್ತಾರೆ. ಸಿಡುಕುವವರು ಸಿಡುಕಲಿ. ನಾನು ಕಲಿಯುವಾಗಲೂ ಯಾರದೋ ಅಮ್ಮನ ಮೇಲೇ ಕಲಿತೆ. ಬೇರೆ ದಾರಿ ಇಲ್ಲ. ಪಕ್ಕದಲ್ಲಿ ನಿಲ್ಲುವವರು ಎಚ್ಚರವಾಗಿರಬೇಕು, ಅದು ನಮ್ಮ ಹೊಣೆ.

ಕನ್ನಡಿ ಕೈ:
ಬೇರೆ ದಾರಿ ಇದೆ ಸರ್, ಕೊನೇಪಕ್ಷ ಶುರುವಿಗೆ. ನಾನು ಸಿಮ್ಯುಲೇಷನ್ ಲ್ಯಾಬ್, ಅಂದರೆ ರೋಗಿ ಇಲ್ಲದೆ ಅಭ್ಯಾಸ ಮಾಡುವ ಜಾಗ, ನೋಡಿಕೊಳ್ಳುತ್ತೇನೆ.

ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್‌ನಲ್ಲಿ, ಕೈ ಬಲಕ್ಕೆ ಹೋದರೆ ಸಲಕರಣೆಯ ತುದಿ ಎಡಕ್ಕೆ ಹೋಗುತ್ತದೆ. ಹೊಟ್ಟೆಯ ಗೋಡೆಯ ತೂತೇ ತಿರುಗುಗೂಟ. ಮೇಲಾಗಿ ನೋಡೋದು ಚಪ್ಪಟೆ ಪರದೆ, ಆಳ ತಿಳಿಯಲ್ಲ. ಇದು ಮೆದುಳಿಗೆ ಒಗ್ಗಲು ದಿನಗಟ್ಟಲೆ ಬೇಕು. ಆ ದಿನಗಳನ್ನು ಯಾರದೋ ಅಮ್ಮನ ಹೊಟ್ಟೆಯಲ್ಲಿ ಕಳೆಯುವ ಅಗತ್ಯ ಇಲ್ಲ, ಅಭ್ಯಾಸದ ಒಂದು ಡಬ್ಬಿ ಸಾಕು.

ಅಮೆರಿಕದಲ್ಲಿ ಎಫ್‌ಎಲ್‌ಎಸ್ ಅಂತ ಲ್ಯಾಪರೋಸ್ಕೋಪಿಯ ಮೂಲಪಾಠದ ಪರೀಕ್ಷೆ ಇದೆ. ಅಲ್ಲಿ ಜನರಲ್ ಸರ್ಜರಿ ಬೋರ್ಡ್ ಪರೀಕ್ಷೆಗೆ ಕೂರಬೇಕಾದರೆ ಇದು ಪಾಸಾಗಿರಲೇಬೇಕು. ಕೈಕೆಲಸದ ಭಾಗದಲ್ಲಿ ಐದು ಕೆಲಸ. ಮೊದಲನೆಯದು ಗೂಟದ ಆಟ. ಆರು ಉಂಗುರ. ಒಂದೊಂದನ್ನೇ ಒಂದು ಕೈಯ ಗ್ರಾಸ್ಪರ್‌ನಿಂದ (ಹಿಡಿಯುವ ಉದ್ದ ಇಕ್ಕಳ) ಎತ್ತಬೇಕು, ಗಾಳಿಯಲ್ಲೇ ಇನ್ನೊಂದು ಕೈಗೆ ದಾಟಿಸಬೇಕು, ಆ ಕಡೆಯ ಗೂಟಕ್ಕೆ ಹಾಕಬೇಕು. ಆರೂ ಮುಗಿದ ಮೇಲೆ ಅದೇ ಥರ ವಾಪಸ್. 300 ಸೆಕೆಂಡ್ ಗಡುವು. ನೋಡೋಕೆ ಮಕ್ಕಳಾಟ. ಮೊದಲ ದಿನ ಕೂತ ಹುಡುಗರಿಗೆ ಬೆವರು ಹರಿಯುತ್ತದೆ. ಎರಡನೆಯದು ಗಾಜ್ ಬಟ್ಟೆಯ ಮೇಲೆ ಬರೆದ ವೃತ್ತವನ್ನು ಗೆರೆ ತಪ್ಪದೆ ಕತ್ತರಿಸೋದು. ಉಳಿದ ಮೂರು ದಾರದ ಕುಣಿಕೆ ಮತ್ತು ಗಂಟಿನ ಕೆಲಸ. ಬೇಗ ಮಾಡಿದರೆ ಅಂಕ, ಗೆರೆ ತಪ್ಪಿದರೆ ಕಡಿತ.

ಡಬ್ಬಿಯ ಅಭ್ಯಾಸ ಓಟಿಯಲ್ಲಿ ಕೆಲಸಕ್ಕೆ ಬರುತ್ತಾ ಅಂತ ಕೇಳುತ್ತೀರಿ. ಕಂಪ್ಯೂಟರ್ ಸಿಮ್ಯುಲೇಟರ್ ಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾಡಿ ನೋಡಿದರು, ಫಲಿತಾಂಶ 2002ರಲ್ಲಿ ಬಂತು. 16 ರೆಸಿಡೆಂಟ್‌ಗಳು, ಅರ್ಧ ಜನಕ್ಕೆ ಸಿಮ್ಯುಲೇಟರ್ ತರಬೇತಿ, ಅರ್ಧ ಜನಕ್ಕೆ ಮಾಮೂಲಿ. ತರಬೇತಿ ಪಡೆದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರು. ಪಡೆಯದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇಡದ ಜಾಗ ಸುಡುವ ಸಾಧ್ಯತೆ ಐದು ಪಟ್ಟು ಇತ್ತು.

ಇಷ್ಟು ಹೇಳಿ ನಾನೇ ಒಂದು ತಕರಾರು ಎತ್ತುತ್ತೇನೆ. ನನ್ನ ಲ್ಯಾಬ್‌ನಲ್ಲಿ ಉಂಗುರದ ಆಟದಲ್ಲಿ ಎಲ್ಲರನ್ನೂ ಸೋಲಿಸಿದ ಹುಡುಗ ಒಬ್ಬ ಇದ್ದ. ಊದಿಕೊಂಡು, ಸುತ್ತಲಿನದ್ದಕ್ಕೆಲ್ಲ ಅಂಟಿಕೊಂಡ ಪಿತ್ತಕೋಶ ಮೊದಲ ಸಲ ಕಂಡಾಗ ಕೈ ಅಲ್ಲಾಡಲೇ ಇಲ್ಲವಂತೆ. ಡಬ್ಬಿಯಲ್ಲಿ ರಕ್ತ ಬರಲ್ಲ ನೋಡಿ.

ಸುಮ್ನೆ ಓದುವವ:
ಇಷ್ಟೆಲ್ಲ ಯಾಕೆ? ವಿಡಿಯೊ ತೆಗೆದು ಎಐಗೆ ಕೊಟ್ಟರೆ ಅದೇ ಅಂಕ ಹಾಕಲ್ವಾ?

ಅಳತೆಗೋಲು:
ಪ್ರಯತ್ನ ನಡೆಯುತ್ತಿದೆ. ಕೈಗೆ ಸೆನ್ಸರ್ ಕಟ್ಟಿ ಎಷ್ಟು ಸಲ ಅಲ್ಲಾಡಿತು, ಎಷ್ಟು ದೂರ ಹೋಯಿತು ಅಂತ ಎಣಿಸುವುದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬಹಳ ಹಿಂದೆಯೇ ಆಯಿತು. ಪಳಗಿದ ಕೈ ಕಡಿಮೆ ಅಲ್ಲಾಡುತ್ತದೆ, ಅದು ನಿಜ. ರೋಬೋಟ್ ಆಪರೇಷನ್‌ನಲ್ಲಂತೂ ಎಲ್ಲ ಚಲನೆಯೂ ತಾನೇ ದಾಖಲಾಗುತ್ತದೆ. ಆದರೆ ಈ ಕ್ಷೇತ್ರದವರೆಲ್ಲ ಬಳಸುವ ಒಂದು ಪ್ರಸಿದ್ಧ ದತ್ತಾಂಶದಲ್ಲಿ ಇರುವುದು ಎಂಟೇ ಸರ್ಜನ್‌ಗಳು, ಅದೂ ಹೊಲಿಗೆ, ಗಂಟು, ಸೂಜಿ ದಾಟಿಸುವ ಅಭ್ಯಾಸ. ಕೈ ನಿಂತಿತು ಅಂತ ಯಂತ್ರ ಹೇಳುತ್ತದೆ. ಹೆದರಿ ನಿಂತಿತೋ ಯೋಚಿಸಿ ನಿಂತಿತೋ ಹೇಳಲ್ಲ.

ಅರಿವಳಿಕೆ ಮೇಷ್ಟ್ರು:
"ಯೋಚಿಸಿ ನಿಂತಿತೋ" ಅನ್ನೋ ಮಾತಿಗೋಸ್ಕರ ಬರೆಯುತ್ತಿದ್ದೇನೆ. ನಾನು ಅರಿವಳಿಕೆ ಕೊಡುವವನು. ಪರದೆಯ ಆ ಕಡೆಯಿಂದ ಎಲ್ಲ ಸರ್ಜನ್‌ಗಳನ್ನೂ ನೋಡುವ ಭಾಗ್ಯ ನಮ್ಮದು. ಸರ್ಜನ್‌ಗಳು ಒಬ್ಬರನ್ನೊಬ್ಬರು ಅಷ್ಟು ನೋಡಲ್ಲ.

ಫ್ರಾಂಕ್ ಸ್ಪೆನ್ಸರ್ ಅನ್ನೋ ಸರ್ಜನ್ 1978ರಲ್ಲಿ ಒಂದು ಮಾತು ಬರೆದರು. ಚೆನ್ನಾಗಿ ಮಾಡಿದ ಆಪರೇಷನ್‌ನಲ್ಲಿ ಶೇ 75 ನಿರ್ಧಾರ, ಶೇ 25 ಕೈಚಳಕ ಅಂತ. ತಕ್ಕಡಿಯಲ್ಲಿ ತೂಗಿ ಹೇಳಿದ ಲೆಕ್ಕ ಅಲ್ಲ ಅದು. ಆದರೆ ಅನುಭವ ಇರುವ ಯಾರೂ ಅದನ್ನು ತಳ್ಳಿಹಾಕಿದ್ದು ನಾನು ಕೇಳಿಲ್ಲ.

ನಾನು ಕಂಡ ಅತಿ ಒಳ್ಳೆಯ ಟ್ರೈನಿಯ ಅತಿ ಒಳ್ಳೆಯ ಕೆಲಸ ಯಾವುದು ಗೊತ್ತಾ? ಸಲಕರಣೆ ಕೆಳಗಿಟ್ಟಿದ್ದು.

ಪಿತ್ತಕೋಶದ ಆಪರೇಷನ್ನೇ. ಇದರಲ್ಲಿ ದೊಡ್ಡ ಅಪಾಯ ಅಂದರೆ ಪಿತ್ತಕೋಶದ ನಾಳ ಅಂದುಕೊಂಡು ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿ ಕತ್ತರಿಸೋದು. ರೋಗಿಯ ಬದುಕೇ ಬದಲಾಗಿಬಿಡುತ್ತದೆ. ಅದಕ್ಕೆ ಸ್ಟ್ರಾಸ್‌ಬರ್ಗ್ ಮತ್ತು ಜೊತೆಯವರು 1995ರಲ್ಲಿ ಮೂರು ಷರತ್ತು ಹೇಳಿದರು. ಪಿತ್ತಕೋಶದ ನಾಳ, ಪಿತ್ತನಾಳ, ಯಕೃತ್ತಿನ ನಡುವಿನ ತ್ರಿಕೋನದ ಜಾಗದಲ್ಲಿ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು. ಪಿತ್ತಕೋಶದ ಕೆಳಭಾಗ ಯಕೃತ್ತಿನಿಂದ ಬೇರೆಯಾಗಿ ಅದು ಅಂಟಿಕೊಂಡಿದ್ದ ಹಿಂದಿನ ಜಾಗ ಕಾಣಬೇಕು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು, ಅದರ ನಾಳ ಮತ್ತು ಅದರ ರಕ್ತನಾಳ, ಅಂತ ಕಣ್ಣಾರೆ ನೋಡಬೇಕು. ಮೂರೂ ಆಗುವ ತನಕ ಕ್ಲಿಪ್ ಇಲ್ಲ.

ಆ ದಿನ ಎಲ್ಲ ಅಂಟಿಕೊಂಡಿತ್ತು. ಸೀನಿಯರ್ ಪಕ್ಕದ ಓಟಿಗೆ ಹೋಗಿದ್ದರು. ಹುಡುಗ ಇಪ್ಪತ್ತು ನಿಮಿಷ ಬಿಡಿಸಿದ. ಆಮೇಲೆ ನಿಂತ. "ಎರಡೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಸರ್‌ನ ಕರೀರಿ" ಅಂದ. ನೆಪ ಹೇಳಲಿಲ್ಲ, ದನಿ ನಡುಗಲಿಲ್ಲ. ಸರ್ ಬರುವ ತನಕ ಕ್ಯಾಮೆರಾ ಹಿಡಿದು ಸುಮ್ಮನೆ ನಿಂತ. ಅವರು ಬಂದು ನೋಡಿ, ಪಿತ್ತಕೋಶದ ಸ್ವಲ್ಪ ಭಾಗ ಅಲ್ಲೇ ಬಿಟ್ಟು ಸುರಕ್ಷಿತವಾಗಿ ಮುಗಿಸಿದರು.

ಲಾಗ್‌ಬುಕ್‌ನಲ್ಲಿ ಅದು ಅವನ ಕೇಸ್ ಆಗಲಿಲ್ಲ. ಸಮಯ ನೋಡಿದರೆ ನಿಧಾನ. ಏಳು ಅಂಶದ ಪಟ್ಟಿಯಲ್ಲಿ ಈ ನಿಲುಗಡೆಗೆ ಸರಿಯಾದ ಮನೆ ಯಾವುದು, ಹೇಳಿ?

ಅಳತೆಗೋಲು:
ಅದಕ್ಕೆ ಬೇರೆ ಪಟ್ಟಿ ಬೇಕಾಯಿತು ಮೇಷ್ಟ್ರೇ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಮನೋವಿಜ್ಞಾನಿಗಳೂ ಸರ್ಜನ್‌ಗಳೂ ಸೇರಿ ಮಾಡಿದ್ದು, ನಾಟ್ಸ್ ಅಂತ. ಅದರಲ್ಲಿ ಕೈ ಬರುವುದೇ ಇಲ್ಲ. ಸುತ್ತ ಏನಾಗುತ್ತಿದೆ ಅನ್ನೋ ಅರಿವು, ನಿರ್ಧಾರ, ಮಾತುಕತೆ ಮತ್ತು ತಂಡದ ಕೆಲಸ, ಮುಂದಾಳತ್ವ. ನಾಲ್ಕೇ ವಿಭಾಗ. ಬಳಸುವವರು ಕಡಿಮೆ. ಕಷ್ಟ ಅಂತಲ್ಲ, ಅಂಥದ್ದಕ್ಕೆ ಅಂಕ ಹಾಕೋಕೆ ಮುಜುಗರ ಅಂತ ನನ್ನ ಅನುಮಾನ.

ಮೂರನೇ ವರ್ಷ:
ಹಾಗಾದರೆ ಲಾಗ್‌ಬುಕ್ ಯಾತಕ್ಕೆ? ನಮ್ಮಲ್ಲಿ ಎಲ್ಲರ ಕಣ್ಣೂ ಅದರ ಮೇಲೇ. ನನ್ನದು 112 ಆಗಿದೆ. ನನ್ನ ಜೊತೆಯವನದು 160. ಅವನು ಬೆಳಗ್ಗೆ ಪಟ್ಟಿ ನೋಡಿ ಸುಲಭದ ಕೇಸ್‌ಗಳಿಗೆಲ್ಲ ಮೊದಲೇ ಹೆಸರು ಹಾಕಿಸಿಕೊಳ್ಳುತ್ತಾನೆ.

ಹಳೇ ಕತ್ತರಿ:
ಎಲ್ಲ ಕಡೆಯೂ ಅದೇ ಕಥೆ. ಅಮೆರಿಕದಲ್ಲಿ ಜನರಲ್ ಸರ್ಜರಿ ಮುಗಿಸಲು ಕನಿಷ್ಠ 850 ದೊಡ್ಡ ಕೇಸ್ ಅಂತ ಇಟ್ಟಿದ್ದಾರೆ. ಸಂಖ್ಯೆ ಬೇಕು, ಇಲ್ಲ ಅನ್ನಲ್ಲ. ಮಾಡದೆ ಯಾರಿಗೂ ಬರಲ್ಲ. ಆದರೆ ಲಾಗ್‌ಬುಕ್ ಹೇಳೋದು ಎಷ್ಟು ಸಲ ನಿಂತೆ ಅಂತ. ಹೇಗೆ ನಿಂತೆ ಅಂತಲ್ಲ. ಒಂದೇ ತಪ್ಪನ್ನು ನೂರು ಸಲ ಮಾಡಿದರೆ ಅದೂ ನೂರು ಕೇಸ್.

ಅಳತೆಗೋಲು:
ಅದಕ್ಕೇ ಈಚೆಗೆ ಪ್ರಶ್ನೆಯನ್ನೇ ಬದಲಾಯಿಸಿದ್ದಾರೆ. "ಇವರು ಎಷ್ಟು ಒಳ್ಳೆಯವರು, 5ಕ್ಕೆ ಎಷ್ಟು" ಅಂತ ಕೇಳಿದರೆ ಎಲ್ಲರೂ 4 ಹಾಕುತ್ತಾರೆ. "ನೀವು ಎಷ್ಟು ಕೈ ಹಾಕಬೇಕಾಯಿತು" ಅಂತ ಕೇಳಿದರೆ ನಿಜ ಹೇಳುತ್ತಾರೆ. ಕೆನಡಾದ ಒಟ್ಟಾವಾದಲ್ಲಿ ಮಾಡಿದ ಓ-ಸ್ಕೋರ್ ಅನ್ನೋ ಅಳತೆಪಟ್ಟಿಯಲ್ಲಿ ಕೆಳಗಿನ ಮೆಟ್ಟಿಲು "ನಾನೇ ಮಾಡಬೇಕಾಯಿತು". ಮೇಲಿನ ಮೆಟ್ಟಿಲು "ನಾನು ಅಲ್ಲಿ ಇರಬೇಕಾಗೇ ಇರಲಿಲ್ಲ". ಜ್ವಿಶ್ ಅನ್ನೋ ಇನ್ನೊಂದರಲ್ಲಿ ನಾಲ್ಕು ಮೆಟ್ಟಿಲು: ತೋರಿಸಿ ಹೇಳಿದೆ, ಮುಂದಾಗಿ ಸಹಾಯ ಮಾಡಿದೆ, ಕೇಳಿದಾಗ ಸಹಾಯ ಮಾಡಿದೆ, ಸುಮ್ಮನೆ ಕಾವಲು ನಿಂತೆ.

ಇದರ ಹಿಂದಿನ ವಿಚಾರ ನೆದರ್ಲೆಂಡ್ಸ್‌ನ ಓಲ್ಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟದ್ದು. ಅಂಕ ಬಿಡಿ, ನಂಬಿಕೆ ಹೇಳಿ. ಈ ಕೆಲಸವನ್ನು ಇವರ ಕೈಗೆ ಒಪ್ಪಿಸಿ ನೀವು ಹೊರಗೆ ಹೋಗುತ್ತೀರಾ? ಅಮೆರಿಕದ ಸರ್ಜರಿ ಬೋರ್ಡ್ 2023ರ ಜುಲೈನಿಂದ ಜನರಲ್ ಸರ್ಜರಿಗೆ ಇಂಥ 18 ಕೆಲಸಗಳ ಪಟ್ಟಿ ತಂದಿತು. ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶ ಎಲ್ಲ ಅದರಲ್ಲಿವೆ.

ಮೂರನೇ ವರ್ಷ ಅವರೇ, ನಿಮ್ಮ ಅಪೆಂಡಿಕ್ಸ್ ದಿನವನ್ನು ಈ ಲೆಕ್ಕದಲ್ಲಿ ಬರೆಯಿರಿ. ಒಳಗಿನ ಕೆಲಸಕ್ಕೆ "ಕಾವಲು ನಿಂತೆ". ಪದರ ಮುಚ್ಚಲು "ನಾನೇ ಮಾಡಬೇಕಾಯಿತು". ಎರಡೂ ಒಂದೇ ಗಂಟೆಯಲ್ಲಿ. ಅದನ್ನು 4 ಅಂತ ಒಂದು ಅಂಕಿಯಲ್ಲಿ ಹೇಗೆ ಹೇಳುತ್ತೀರಿ?

ಅರಿವಳಿಕೆ ಮೇಷ್ಟ್ರು:
ಒಳ್ಳೆಯದೇ. ಆದರೆ "ಹೊರಗೆ ಹೋಗುತ್ತೀರಾ" ಅನ್ನೋದು ಕಲಿಯುವವರ ಕೈ ಜೊತೆ ಕಲಿಸುವವರ ಎದೆಯನ್ನೂ ಅಳೆಯುತ್ತದೆ. ಕೆಲವು ಸೀನಿಯರ್‌ಗಳು ಯಾರಿಗೂ ಚಾಕು ಬಿಡಲ್ಲ. ಅವರ ಕೆಳಗೆ ಬಿದ್ದವರು ಐದು ವರ್ಷವೂ ಕೆಳಗಿನ ಮೆಟ್ಟಿಲಲ್ಲೇ.

ಅಳತೆಗೋಲು:
ಒಪ್ಪಿದೆ. ಅದಕ್ಕೆ ಔಷಧ ಒಂದೇ, ಜಾಸ್ತಿ ಕಣ್ಣು. ವರ್ಷಕ್ಕೆ ಎರಡು ದೊಡ್ಡ ಫಾರಂ ಬದಲು, ಬೇರೆ ಬೇರೆ ಜನ ಅದೇ ದಿನ ಫೋನ್‌ನಲ್ಲಿ ಒಂದು ನಿಮಿಷದಲ್ಲಿ ತುಂಬುವ ಹತ್ತಾರು ಸಣ್ಣ ಟಿಪ್ಪಣಿ. ಬಿಗಿಯವರೂ ಸಡಿಲದವರೂ ಸೇರಿ ಸಮ ಆಗುತ್ತದೆ. ಒಂದೆರಡು ಅಂಕ ತಪ್ಪಾಗಿದ್ದರೂ ಗೆರೆ ಏರುತ್ತಿದೆಯಾ ಇಲ್ಲವಾ ಅಂತ ಕಾಣುತ್ತದೆ.

ಹಳೇ ಕತ್ತರಿ:
ಎರಡು ದಿನ ಇಲ್ಲಿ ಬರೆಯಲಿಲ್ಲ. ಒಂದು ವಿಷಯ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ತುಂಬಾ ಒಳ್ಳೆಯವನು. ರೋಗಿಗಳಿಗೆ ಅವನೆಂದರೆ ಪ್ರಾಣ. ಕೈ ಮಾತ್ರ ಒರಟು. ಕರುಳನ್ನು ಫೋರ್ಸೆಪ್ಸ್‌ನಲ್ಲಿ ಹಿಡಿದು ಎಳೆಯುತ್ತಿದ್ದ, ಗಂಟು ಬಿಗಿಯುವಾಗ ಅಂಗಾಂಶ ಬೆಳ್ಳಗಾಗುವ ತನಕ ಬಿಗಿಯುತ್ತಿದ್ದ. ಅಂಚುಗಳನ್ನು ಸೇರಿಸು, ಕತ್ತು ಹಿಸುಕಬೇಡ ಅಂತ ಎಷ್ಟೋ ಸಲ ಹೇಳಿದೆ. ಹೇಳಿದ ದಿನ ಸರಿಹೋಗುತ್ತಿತ್ತು. ಮಾರನೇ ದಿನ ಮತ್ತೆ ಅದೇ.

ಕೊನೆಯ ವರ್ಷದ ಫಾರಂ ಬಂತು. 2 ಹಾಕಬೇಕಿತ್ತು. 4 ಹಾಕಿದೆ. ಯಾಕೆ ಅಂತ ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. 2 ಹಾಕಿದರೆ ಕಾರಣ ಬರೆಯಬೇಕು, ಮೀಟಿಂಗ್ ಆಗಬೇಕು, ಪುರಾವೆ ಕೇಳುತ್ತಾರೆ. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಎಲ್ಲ ಮನಸ್ಸಿನಲ್ಲೇ ಇತ್ತು. ಮನಸ್ಸಿನಲ್ಲೇ ನೋಡುತ್ತೇನೆ ಅಂತ ಮೇಲೆ ಜಂಬ ಕೊಚ್ಚಿದ್ದೇನಲ್ಲ, ಅದೇ ಮನಸ್ಸು. ಜೊತೆಗೆ, ಅವನು ಒಳ್ಳೆಯ ಹುಡುಗ. ಮುಖ ನೋಡಿ ಹೇಗೆ ಹೇಳೋದು?

ಅವನು ಪಾಸಾದ. ಆಮೇಲಿನ ಮೊದಲ ವರ್ಷದಲ್ಲೇ ಎರಡು ಕರುಳಿನ ಜೋಡಣೆ ಬಿಚ್ಚಿಕೊಂಡವು ಅಂತ ಅವನೇ ಫೋನ್ ಮಾಡಿ ಹೇಳಿದ. ಎಲ್ಲರ ಕೈಯಲ್ಲೂ ಯಾವತ್ತಾದರೂ ಬಿಚ್ಚಿಕೊಳ್ಳುತ್ತದೆ, ನನ್ನ ಕೈಯಲ್ಲೂ ಆಗಿದೆ. ಆದರೆ ಅವನು ಕೇಳಿದ್ದು ಬೇರೆ. "ಸರ್, ನನ್ನ ಕೈ ಸರಿ ಇತ್ತು ಅಲ್ವಾ? ನೀವೇ 4 ಹಾಕಿದ್ರಲ್ಲ?"

ಟ್ರಾಲಿ ಪಕ್ಕ:
ಸರ್… ನೀವು ಏನು ಹೇಳಿದಿರಿ ಅವರಿಗೆ?

ಹಳೇ ಕತ್ತರಿ:
ಆ ದಿನ ಏನೂ ಹೇಳಲಿಲ್ಲ. ಒಂದು ವಾರ ಬಿಟ್ಟು ಕರೆಸಿದೆ. ಎರಡು ತಿಂಗಳು ಅವನ ರಜಾದಿನಗಳಲ್ಲಿ ನನ್ನ ಎದುರು ನಿಂತು ಮಾಡಿದ. ಪ್ರತಿ ಸಲವೂ ಬರೆದುಕೊಟ್ಟೆ. ಆಗ ಬರೆಯೋದು ಕಲಿತೆ, ಐವತ್ತು ದಾಟಿದ ಮೇಲೆ. ಈಗ ಅವನ ಕೈ ಚೆನ್ನಾಗಿದೆ. ಮೊದಲೇ ಮಾಡಬಹುದಾಗಿತ್ತು.

ಹೊರಗೆ ಕೂತವನು:
ಸರ್, ಇದನ್ನು ಬರೆದಿದ್ದಕ್ಕೆ ನಿಮ್ಮ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ಯಾವುದು ಜಾಸ್ತಿ ಅಂತ ಇನ್ನೂ ಗೊತ್ತಿಲ್ಲ.

ಹಳೇ ಕತ್ತರಿ:
ಎರಡೂ ಸರಿ.

ಕನ್ನಡಿ ಕೈ:
ಮೂರನೇ ವರ್ಷ ಅವರಿಗೆ ನನ್ನದೊಂದು ಸಲಹೆ. ಫಾರಂ ಬರುವ ತನಕ ಕಾಯಬೇಡಿ. ಕೇಸ್ ಶುರುವಾಗುವ ಮುಂಚೆನೇ, ಕೈ ತೊಳೆಯುವಾಗ, ಇವತ್ತು ಯಾವ ಒಂದು ವಿಷಯ ನೋಡಬೇಕು ಅಂತ ಸರ್‌ಗೆ ಹೇಳಿ. "ನನ್ನ ಆಪರೇಷನ್ ಹೇಗಿತ್ತು ಸರ್" ಅಂತ ಕೇಳಿದರೆ "ಪರವಾಗಿಲ್ಲ" ಅಂತಾರೆ. ಒಂದೇ ಒಂದು ಅಂತ ಹೇಳಿದರೆ ಅದನ್ನು ನೋಡದೆ ಇರೋಕೆ ಆಗಲ್ಲ. ಆಮೇಲೆ ಗೌನ್ ಬಿಚ್ಚುವ ಮುಂಚೆ ಕೇಳಿ. ಬಿಚ್ಚಿದ ಮೇಲೆ ಸಿಗಲ್ಲ ಅವರು.

ಮೂರನೇ ವರ್ಷ:
ಹತ್ತು ದಿನ ಆಯಿತು, ಬಂದು ಹೇಳೋಣ ಅಂತ.

ಅವತ್ತು ನೀಡಲ್ ಹೋಲ್ಡರ್ ತೆಗೆದುಕೊಂಡ ಸರ್ ಜೊತೆಗೇ ಇವತ್ತು ಹರ್ನಿಯಾ ಕೇಸ್ ಇತ್ತು. ಕೈ ತೊಳೆಯುವಾಗ ಧೈರ್ಯ ಮಾಡಿ ಕೇಳಿದೆ. "ಸರ್, ಇವತ್ತು ನನ್ನ ಎಡಗೈ ಮಾತ್ರ ನೋಡ್ತೀರಾ?" ಅವರು ಒಂದು ಸಲ ನನ್ನ ಮುಖ ನೋಡಿದರು. ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಕತ್ತರಿ ಸರ್ ಹೇಳಿದ ಹಾಗೆ ಸೂಜಿ ಹಿಡಿದೆ. ಒಂದು ಸಲವೂ ತಿರುಗಲಿಲ್ಲ. ಮನಸ್ಸಿನಲ್ಲೇ ಕುಣಿಯುತ್ತಿದ್ದೆ. ಮುಗಿದ ಮೇಲೆ ಗೌನ್‌ನಲ್ಲಿದ್ದಾಗಲೇ ಕೇಳಿದೆ. ಕೈಗವಸಿನ ಖಾಲಿ ಕವರ್ ಮೇಲೆ ಬರೆದುಕೊಟ್ಟರು. ಹಾಗೇ ಇಲ್ಲಿ ಇಳಿಸುತ್ತೇನೆ:

"ಬಲಗೈ 4. ಎಡಗೈ 2. ಬಲಗೈ ಹೊಲಿಯುವಾಗ ಎಡಗೈ ಸಭಿಕರ ಹಾಗೆ ಕೂತಿತ್ತು. ಫೋರ್ಸೆಪ್ಸ್‌ನಿಂದ ಅಂಚು ಎತ್ತಿ ಸೂಜಿಗೆ ತೋರಿಸಬೇಕು. ಗುರುವಾರ ಮತ್ತೆ ನೋಡುತ್ತೇನೆ."

ನನಗೆ ಸಿಕ್ಕ ಮೊದಲ 2. ಕವರನ್ನು ಲಾಗ್‌ಬುಕ್ ಒಳಗೆ ಇಟ್ಟಿದ್ದೇನೆ.

ಟ್ರಾಲಿ ಪಕ್ಕ:
ಫೋರ್ಸೆಪ್ಸ್ ಕೇಳಿ ತೆಗೆದುಕೊಂಡಿದ್ದಿರಾ, ಇಲ್ವಾ?

ಮೂರನೇ ವರ್ಷ:
ತೆಗೆದುಕೊಂಡಿದ್ದೆ ಸಿಸ್ಟರ್. ಇಡೀ ಹೊತ್ತು ಕೈಯಲ್ಲೇ ಇತ್ತು.